ವಾಪಸು ಬಂದ ಮಾತ್ರೆಗಳು

ಬಿ.ಪಿ. ಮಾತ್ರೆಯ ಡ್ರಾಯರಿನೊಳಗೆ ಶುಗರಿನ ಮಾತ್ರೆ ಸಿಕ್ಕಿದಾಗ ಅಂಗಡಿಯಲ್ಲಿ ಗಿರಾಕಿಗಳು ಯಾರೂ ಇರಲಿಲ್ಲ. ಅದೊಂದು ಪುಣ್ಯ. ನಾನು ಫೋನನ್ನು ಮತ್ತೊಮ್ಮೆ ಆ ಸ್ಟ್ರಿಪ್ಪಿನ ತುಂಡಿನ ಮೇಲೆ ಹಿಡಿದೆ. ಇಯರ್‌ಫೋನಿನೊಳಗಿನ ಹೆಂಗಸು ಮತ್ತೊಮ್ಮೆ ಅದೇ ಹೆಸರು ಓದಿದಳು. ಅವಳಿಗೇನು, ಮದುವೆ ಕಾಗದವನ್ನೂ ಸಾವಿನ ಸುದ್ದಿಯನ್ನೂ ಒಂದೇ ದನಿಯಲ್ಲಿ ಓದುತ್ತಾಳೆ. ಟ್ಯೂಬ್‌ಲೈಟಿನ ಬೆಳಕು ಹೊಳೆದು ತಪ್ಪು ಓದಿರಬಹುದೆಂದು ತುಂಡನ್ನು ಓರೆ ಮಾಡಿ ಹಿಡಿದೆ, ಸೆರಗಿನ ನೆರಳಲ್ಲಿ ಹಿಡಿದೆ. ಶುಗರಿನ ಮಾತ್ರೆಯೇ. ಅದೇ ಡ್ರಾಯರಿನಲ್ಲಿ ಇನ್ನೊಂದು ತುಂಡೂ ಇತ್ತು. ಅದು ಬಿ.ಪಿ.ಯದ್ದು, ಅಲ್ಲಿ ಇರಬೇಕಾದದ್ದೇ.

ಬೆಳಿಗ್ಗೆ ನಳಿನಕ್ಕನಿಗೆ ಐದು ಮಾತ್ರೆ ಕತ್ತರಿಸಿ ಕೊಟ್ಟದ್ದು ಈ ಎರಡರಲ್ಲಿ ಯಾವುದರಿಂದ ಎಂಬುದು ನನಗೆ ಗೊತ್ತಿರಲಿಲ್ಲ.

ನಳಿನಾಕ್ಷಿಯವರು ಕಾಪುವಿನ ಕಡಲ ಬದಿಯವರು. ಮೀನಿನ ಬುಟ್ಟಿ ಬಸ್ಸಿಗೆ ಹಾಕಿಕೊಂಡು ಬೆಳ್ಮಣ್ಣಿಗೆ ಹೋಗಿ, ಅಲ್ಲಿ ಮನೆಮನೆಗೆ ನಡೆದು ಮಾರುತ್ತಾರೆ. ಬಿ.ಪಿ. ಇದೆ, ಶುಗರ್ ಇಲ್ಲ. ಮಾತ್ರೆಯನ್ನು ತಿಂಗಳಿಗಾಗುವಷ್ಟು ಒಟ್ಟಿಗೆ ಕೊಳ್ಳುವವರಲ್ಲ. ಐದು, ಅದು ಮುಗಿದ ಮೇಲೆ ಮತ್ತೆ ಐದು. ಮಧ್ಯಾಹ್ನ ಬೆಳ್ಮಣ್ಣಿನಲ್ಲೇ ಯಾರದಾದರೂ ಮನೆಯ ಜಗಲಿಯಲ್ಲಿ ಕೂತು ಬುತ್ತಿ ಉಂಡು, ಮಾತ್ರೆ ನುಂಗಿ, ಬುಟ್ಟಿ ಎತ್ತಿ ಮತ್ತೆ ಬಿಸಿಲಿಗೆ ಇಳಿಯುತ್ತಾರೆ.

ಶುಗರ್ ಇಲ್ಲದವರು ಶುಗರಿನ ಮಾತ್ರೆ ತಿಂದರೆ ಏನಾಗುತ್ತದೆ ಎಂದು ತಿಳಿದಿರುವುದೇ ನನ್ನ ಕೆಲಸ. ರಕ್ತದಲ್ಲಿ ಇರುವ ಸಕ್ಕರೆಯೂ ಇಳಿದು ಹೋಗುತ್ತದೆ. ಬೆವರು, ನಡುಕ, ತಲೆ ಸುತ್ತು. ಬಿಸಿಲಿನಲ್ಲಿ ನಡೆಯುವ ವಯಸ್ಸಾದ ಹೆಂಗಸಾದರೆ ದಾರಿಯಲ್ಲೇ ಬೀಳುತ್ತಾರೆ. ನೋಡಿದವರಿಗೆ ಕಾರಣ ಗೊತ್ತಾಗುವುದಿಲ್ಲ. ಬಿ.ಪಿ. ಹೆಚ್ಚಾಗಿರಬೇಕು ಎಂದು ಅವರ ಸೊಂಟದ ಚೀಲದಿಂದ ಅದೇ ಮಾತ್ರೆ ತೆಗೆದು ಇನ್ನೊಂದನ್ನು ಬಾಯಿಗೆ ಹಾಕುತ್ತಾರೆ. 

ನನಗೆ ಕಣ್ಣು ಕಾಣುವುದಿಲ್ಲ ಎಂದರೆ ಯಾರೂ ನಂಬುವುದಿಲ್ಲ. ನಡೆಯುತ್ತೇನೆ, ಮೆಟ್ಟಿಲು ಇಳಿಯುತ್ತೇನೆ, ಚಿಲ್ಲರೆ ಕೊಡುತ್ತೇನೆ. ಕಣ್ಣಿನ ನಡುಭಾಗ ಮಾತ್ರ ಸತ್ತಿದೆ. ಯಾವುದನ್ನು ನೋಡಬೇಕೆಂದು ತಿರುಗುತ್ತೇನೋ ಅದರ ಮೇಲೆಯೇ ಒಂದು ಬೂದು ಕಲೆ ಬಂದು ಕೂರುತ್ತದೆ. ಸುತ್ತಲಿನ ಬೇಡದ್ದೆಲ್ಲ ಕಾಣುತ್ತದೆ. ಎದುರು ನಿಂತವರ ಕಿವಿ ಕಾಣುತ್ತದೆ, ಮುಖ ಇಲ್ಲ. ಅಕ್ಷರಗಳಂತೂ ಹೋಗಿ ಎರಡು ವರ್ಷವಾಯಿತು. ಓರೆಯಾಗಿ ನೋಡಿದರೆ ಸ್ವಲ್ಪ ಕಾಣುವುದರಿಂದ, ಜನರ ಹತ್ತಿರ ಮಾತಾಡುವಾಗ ನಾನು ಗೋಡೆಯ ಕ್ಯಾಲೆಂಡರ್ ಕಡೆಗೆ ತಿರುಗುತ್ತೇನೆ. ‘ಪ್ರಫುಲ್ಲಳಿಗೆ ಈಗೀಗ ದೊಡ್ಡಸ್ತಿಕೆ, ಮುಖ ಕೊಟ್ಟು ಮಾತಾಡುವುದಿಲ್ಲ’ ಎಂದು ಯಾರೋ ಹೇಳಿದ್ದು ಕಿವಿಗೆ ಬಿದ್ದಿತ್ತು. ಹೇಳಲಿ ಎಂದುಕೊಂಡೆ. ಕುರುಡಿ ಎನ್ನುವುದಕ್ಕಿಂತ ಅದು ವಾಸಿ.

ಫೋನಿನ ವಿದ್ಯೆಯನ್ನು ಕಲಿಸಿದ್ದು ಮಣಿಪಾಲದ ಕಣ್ಣಿನ ವಿಭಾಗದಲ್ಲಿದ್ದ ಚೈತಾಲಿ ಎಂಬ ಹುಡುಗಿ. ಬಂಗಾಳದಿಂದ ಕಲಿಯಲು ಬಂದವಳು, ಕನ್ನಡವನ್ನು ಒಂದೊಂದೇ ಶಬ್ದ ಹೆಕ್ಕಿ ಮಾತಾಡುತ್ತಿದ್ದಳು. ಕ್ಯಾಮರಾ ಹಿಡಿದು ಅಕ್ಷರ ಓದಿಸುವುದು, ನೋಟು ಗುರುತಿಸುವುದು, ಮೆಸೇಜು ಕೇಳುವುದು, ಎಲ್ಲವನ್ನೂ ತಾಳ್ಮೆಯಿಂದ ಹೇಳಿಕೊಟ್ಟಳು. “ಅಂಗಡಿಯಲ್ಲಿ ಹೇಳಿದ್ದೀರಾ ಆಂಟಿ?” ಎಂದು ಹೋದಾಗಲೆಲ್ಲ ಕೇಳುತ್ತಿದ್ದಳು. ಹೇಳುತ್ತೇನೆ ಎಂದು ನಾನೂ ಹೋದಾಗಲೆಲ್ಲ ಹೇಳುತ್ತಿದ್ದೆ. ಫಾರ್ಮಸಿಸ್ಟಿಗೆ ಓದಲು ಕಾಣುವುದಿಲ್ಲ ಎಂದರೆ ಯಾವ ಮೆಡಿಕಲ್ ಶಾಪಿನವರು ಇಟ್ಟುಕೊಳ್ಳುತ್ತಾರೆ? ನನಗೆ ಬೇರೆ ಕೆಲಸ ಬರುವುದಿಲ್ಲ ಎಂದಲ್ಲ. ನನಗೆ ಬೇರೆ ಕೆಲಸ ಬೇಡ. ಬಹರೈನಿನಲ್ಲಿರುವ ನನ್ನ ಗಂಡ ಸುಂದರ ಅವರೊಬ್ಬರಿಗೆ ಮಾತ್ರ ಹೇಳಿದ್ದೆ, ಅವರು ಕೆಲಸ ಬಿಟ್ಟುಬಿಡು ಎಂದರು, ಆಮೇಲೆ ಆ ಮಾತು ಎತ್ತದ ಹಾಗೆ ನೋಡಿಕೊಂಡೆ.

ಹಾಗೆಂದು ಕಣ್ಣುಮುಚ್ಚಾಲೆ ಆಡುತ್ತಿರಲಿಲ್ಲ. ನನ್ನದೇ ಒಂದು ಕ್ರಮ ಇತ್ತು. ಮಾಲು ಬಂದ ದಿನ ಒಂದೊಂದು ಸ್ಟ್ರಿಪ್ಪನ್ನೂ ಫೋನಿನಿಂದ ಓದಿಸಿ ಅದರದರ ಡ್ರಾಯರಿಗೆ ಹಾಕುತ್ತಿದ್ದೆ. ಸ್ಟಾಕ್ ಎಂಟ್ರಿ ಮಾಡುತ್ತಿದ್ದೇನೆ ಎಂದೇ ಮಾಲೀಕರಾದ ದೇವದಾಸಣ್ಣನ ನಂಬಿಕೆ. ಆಮೇಲೆ ಯಾವ ಮಾತ್ರೆ ಯಾವ ಡ್ರಾಯರಿನಲ್ಲಿದೆ ಎಂದು ಕೈಗೆ ಗೊತ್ತಿರುತ್ತಿತ್ತು. ಕಷ್ಟ ಇದ್ದದ್ದು ತುಂಡುಗಳದ್ದು. ನಮ್ಮಲ್ಲಿ ಐದು, ಆರು ಎಂದು ಕತ್ತರಿಸಿ ಕೊಂಡುಹೋಗುವವರೇ ಹೆಚ್ಚು. ಕತ್ತರಿಸಿದ ಮೇಲೆ ಹೆಸರು ಅರ್ಧ ಇತ್ತ, ಅರ್ಧ ಅತ್ತ. ಅಂಥ ತುಂಡನ್ನು ಫೋನಿಗೆ ಓದಿಸುವುದು ಬೇಗ ಆಗುವ ಕೆಲಸವಲ್ಲ. ಬೆಳಿಗ್ಗೆ ನಳಿನಕ್ಕ ಬಂದಾಗ ಬೆಳ್ಮಣ್ಣಿನ ಬಸ್ಸು ಹೊರಟು ನಿಂತಿತ್ತು, ಕಂಡಕ್ಟರ್ ಶಿಳ್ಳೆ ಹಾಕುತ್ತಿದ್ದ. ಡ್ರಾಯರನ್ನು ನಂಬಿ ಕೊಟ್ಟುಬಿಟ್ಟೆ.

ಶುಗರಿನ ತುಂಡು ಅಲ್ಲಿಗೆ ಹೇಗೆ ಬಂತು ಎನ್ನುವುದರಲ್ಲಿ ನನಗೆ ಸಂಶಯವೇ ಇರಲಿಲ್ಲ. ಸಂಜೆ ನಾನು ಮನೆಗೆ ಹೋದ ಮೇಲೆ ದೇವದಾಸಣ್ಣ ಕೂರುತ್ತಾರೆ. ಮಸ್ಕತ್ತಿನಲ್ಲಿ ದುಡಿದು ಬಂದು ಅಂಗಡಿ ಹಾಕಿದವರು, ಮನಸ್ಸು ಬೆಣ್ಣೆ. ಯಾರಾದರೂ ಉಳಿದ ಮಾತ್ರೆ ವಾಪಸು ತಂದರೆ ಬೇಡ ಎನ್ನಲು ಅವರಿಗೆ ಬಾಯಿ ಬರುವುದಿಲ್ಲ. ತೆಗೆದುಕೊಂಡು ಕೈಗೆ ಸಿಕ್ಕಿದ ಡ್ರಾಯರಿಗೆ ಹಾಕುತ್ತಾರೆ. ಬಿ.ಪಿ. ಮತ್ತು ಶುಗರ್ ಅಕ್ಕಪಕ್ಕದ ಡ್ರಾಯರುಗಳು. ಈಚೆಗಂತೂ ವಾಪಸು ತರುವವರು ಹೆಚ್ಚಾಗಿದ್ದರು. ಇದು ಮೆಡಿಕಲ್ ಶಾಪೋ, ಗ್ರಂಥಾಲಯವೋ ಎಂದು ಅವರಿಗೆ ತಮಾಷೆ ಮಾಡಿದ್ದೆ.

ನಳಿನಕ್ಕನಿಗೆ ಫೋನ್ ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು. ಅವರ ಫೋನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬುಟ್ಟಿಯ ಬದಿಗೆ ತುರುಕಿರುತ್ತದೆ. ಮಗ ತಿಲಕ್ ಆಳಸಮುದ್ರದ ಬೋಟಿನಲ್ಲಿ, ಅವನಿಗೆ ನೆಟ್‌ವರ್ಕ್ ಸಿಗುವುದು ದಡಕ್ಕೆ ಬಂದ ಮೇಲೆಯೇ. ಮತ್ತೆ ಮಾಡಿದೆ. ಮತ್ತೆ ಅದೇ.

ದೇವದಾಸಣ್ಣನಿಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು. ಸ್ಕೂಟರಿನಲ್ಲಿ ಬೆಳ್ಮಣ್ಣಿಗೆ ಹೊರಟುಬಿಡುತ್ತಿದ್ದರು, ಕಣ್ಣಿರುವ ಮನುಷ್ಯ, ನಳಿನಕ್ಕನನ್ನು ದೂರದಿಂದಲೇ ಗುರುತಿಸುತ್ತಿದ್ದರು. ಆದರೆ ಹೇಳುವುದೆಂದರೆ ಎಲ್ಲವನ್ನೂ ಹೇಳುವುದು. ತುಂಡು ತಪ್ಪಿ ಬಂದದ್ದು ಅವರಿಂದಲೇ ಇರಬಹುದು, ಆದರೆ ಕೊಡುವ ಮೊದಲು ನೀವು ಓದಲಿಲ್ಲವೇ ಎಂದು ಕೇಳಿದರೆ ನಾನೇನು ಹೇಳಲಿ? ಫೋನ್ ಮಾಡಿ ತಲೆನೋವು, ಸ್ವಲ್ಪ ಹೊತ್ತು ಮನೆಗೆ ಹೋಗಿಬರುತ್ತೇನೆ ಎಂದೆ. ಅವರ ಮನೆ ಅಂಗಡಿಯ ಮೇಲೆಯೇ. ಮೆಟ್ಟಿಲಲ್ಲಿ ಅವರ ಚಪ್ಪಲಿ ಸದ್ದು ಕೇಳಿದಾಗ ಕೈಯಲ್ಲಿದ್ದದ್ದನ್ನೆಲ್ಲ ಗಡಿಬಿಡಿಯಲ್ಲಿ ಡ್ರಾಯರಿನೊಳಗೆ ತಳ್ಳಿ ಮುಚ್ಚಿದೆ.

“ಡಾಕ್ಟರಿಗೆ ತೋರಿಸಿ ಮಾರಾಯ್ರೆ,” ಎಂದರು. “ನಿಮಗೆ ಈಗ ತಲೆನೋವು ಜಾಸ್ತಿ.”

“ಇಲ್ಲ, ಮಲಗಿದ್ರೆ ಸರಿಯಾಗ್ತದೆ,” ಎಂದು ಇಳಿದುಬಂದೆ.

ಪಕ್ಕದ್ದು ಝೀಟಾಬಾಯಿಯ ಝೆರಾಕ್ಸ್ ಅಂಗಡಿ. ನನ್ನ ಹೆಜ್ಜೆಯ ಅವಸರ ನೋಡಿಯೋ ಏನೋ, “ಪ್ರಫುಲ್ಲಾ, ಒಂದು ನಿಮಿಷ ನಿಲ್ಲಿ, ಒಂದು ಮಾತುಂಟು,” ಎಂದು ಕೂಗಿದರು. ಮತ್ತೆ ಬರ್ತೇನೆ ಎಂದು ಕೈಯಾಡಿಸಿ ನಡೆದೆ. ನಿಂತು ಮಾತಾಡುವ ಪರಿಸ್ಥಿತಿಯಲ್ಲಿ ನಾನಿರಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಒಂದು ಬಸ್ಸು ನಿಂತಿತ್ತು, ಕಂಡಕ್ಟರ್ ಕೆಳಗಿರಲಿಲ್ಲ. ಬೋರ್ಡಿನ ಕಡೆಗೆ ಫೋನ್ ಎತ್ತಿ ಹಿಡಿದೆ. ‘ಮಳೆಗಾಲದ ವಿಶೇಷ ರಿಯಾಯಿತಿ, ಒಂದು ಕೊಂಡರೆ ಒಂದು ಉಚಿತ’ ಎಂದು ಕಿವಿಯೊಳಗಿನ ಹೆಂಗಸು ಓದಿದಳು. ಬಸ್ಸಿನ ಮೈಮೇಲಿನ ಜಾಹೀರಾತು. ಮಳೆಗಾಲ ಮುಗಿದು ಎಷ್ಟೋ ಕಾಲವಾಗಿತ್ತು. ಪಕ್ಕದಲ್ಲಿದ್ದವರನ್ನು ಕೇಳಬಹುದಿತ್ತು. ಹೇಗೂ ಕನ್ನಡಕ ಮರೆತು ಬಂದೆ ಎನ್ನುವ ಸುಳ್ಳು ನನ್ನ ನಾಲಿಗೆಯ ತುದಿಯಲ್ಲೇ ಇರುತ್ತದೆ. ಆದರೆ ಆ ಹೊತ್ತಿಗೆ ಹಿಂದಿನಿಂದ ಇನ್ನೊಂದು ಬಸ್ಸು ಬಂತು, “ಶಿರ್ವ, ಬೆಳ್ಮಣ್, ಕಾರ್ಕಳ” ಎಂದು ಕೂಗುತ್ತಾ ಕಂಡಕ್ಟರ್ ಹಾರಿದ. ಆ ದನಿಯ ಕಡೆಗೆ ಓಡಿದೆ.

ಬಸ್ಸಿನಲ್ಲಿ ಕೂತ ಮೇಲೆ ಮಾಡಲು ಏನೂ ಉಳಿಯಲಿಲ್ಲ, ಅದೇ ಹಿಂಸೆ. ಶಿರ್ವದಲ್ಲಿ ಬಸ್ಸು ನಿಂತಿತು, ಡ್ರೈವರ್ ಇಳಿದು ಯಾರದೋ ಹತ್ತಿರ ಮಾತಿಗೆ ನಿಂತ. ಆ ಮಾತು ಮುಗಿಯುವ ಲಕ್ಷಣ ಕಾಣಲಿಲ್ಲ. ನಾನು ನಳಿನಕ್ಕನ ನಂಬರ್ ಒತ್ತುತ್ತಲೇ ಇದ್ದೆ. ನಡುವೆ ಸುಂದರ ಅವರ ಮೆಸೇಜು ಬಂತು. ‘ಚಿತ್ರ, ಗುಲಾಬಿ ಹೂವು ಇರಬಹುದು, ಶುಭ ದಿನ’ ಎಂದು ಹೆಂಗಸು ಓದಿದಳು. ಬಹರೈನಿನಿಂದ ದಿನವೂ ಬರುವ ಹೂವು. ಫೋನಿನ ಚಾರ್ಜು ಕಡಿಮೆಯಿದೆ ಎಂದೂ ಅವಳೇ ಹೇಳಿದಳು. ಫೋನು ಸತ್ತರೆ ನಾನು ಬೆಳ್ಮಣ್ಣಿನಲ್ಲಿ ಕೈಕಾಲು ಕಟ್ಟಿದ ಹಾಗೆ. ಸೀಟಿನ ಕಂಬಿ ಹಿಡಿದು ಕೂತೆ. ನಳಿನಕ್ಕ ಈಗ ಊಟಕ್ಕೆ ಕೂತಿರಬಹುದು, ಈಗ ನೀರಿನ ಲೋಟ ಎತ್ತಿರಬಹುದು ಎಂದು ಮನಸ್ಸು ಒಂದರ ಮೇಲೊಂದು ತೋರಿಸುತ್ತಿತ್ತು. ಕಣ್ಣಿನ ನಡುವೆ ಇರುವ ಕಲೆ ಮನಸ್ಸಿನ ಚಿತ್ರಗಳ ಮೇಲೆ ಬರುವುದಿಲ್ಲ, ಅಲ್ಲಿ ಎಲ್ಲವೂ ಸ್ಪಷ್ಟ.

ಬೆಳ್ಮಣ್ಣಿನಲ್ಲಿ ಇಳಿದು ಸ್ಟಾಪಿನ ಪಕ್ಕದ ಅಂಗಡಿಯಲ್ಲಿ ಕೇಳಿದೆ. “ಕಾಪುವಿನಿಂದ ಮೀನು ತರುವ ನಳಿನಕ್ಕ ಎಲ್ಲಿ ಹೋದರು, ನೋಡಿದ್ರಾ?”

“ಆಗಲೇ ಆ ಕಡೆ ಹೋದರಲ್ಲ,” ಎಂದರು ಅಂಗಡಿಯವರು.

“ಯಾವ ಕಡೆ?”

“ಅದೇ, ಆ ಕಡೆ.” ಕೈ ತೋರಿಸುತ್ತಿದ್ದಿರಬೇಕು. ಕೈ ತೋರಿಸಿ ದಾರಿ ಹೇಳುವವರ ಮುಂದೆ ಸುಮ್ಮನೆ ತಲೆಯಾಡಿಸಿ ನಾನು ಎಷ್ಟು ಕಡೆ ದಾರಿ ತಪ್ಪಿದ್ದೇನೋ ಲೆಕ್ಕವಿಲ್ಲ. ಆ ದಿನ ತಲೆಯಾಡಿಸುವ ಧೈರ್ಯ ಬರಲಿಲ್ಲ.

“ನನ್ನ ಎಡಗೈ ಕಡೆಯಾ, ಬಲಗೈ ಕಡೆಯಾ, ಬಾಯಲ್ಲಿ ಹೇಳಿ,” ಎಂದೆ. ದನಿ ಸ್ವಲ್ಪ ಗಟ್ಟಿಯಾಯಿತು. ಅವರು ಹೇಳಿದರು. ಬಲಗೈ ಕಡೆ, ಗದ್ದೆಯ ಬದಿಯ ಕಾಂಕ್ರೀಟ್ ರಸ್ತೆ.

ಆ ರಸ್ತೆಯಲ್ಲಿ ಮನೆಗಳು ದೂರದೂರ. ಒಂದೊಂದು ಮನೆಗೂ ತೆಂಗಿನ ತೋಟದೊಳಗೆ ಕವಲು ದಾರಿ. ದಾರಿ ಹೇಳುವ ಆ್ಯಪ್ ಫೋನಿನಲ್ಲಿ ಇದೆ, ಮಣಿಪಾಲದಲ್ಲಿ ನನ್ನನ್ನು ಹಾಸ್ಟೆಲುಗಳ ನಡುವಿನಿಂದ ಆಸ್ಪತ್ರೆಗೆ ಮುಟ್ಟಿಸಿದೆ. ಆದರೆ ತಲೆಯ ಮೇಲೆ ಬುಟ್ಟಿ ಇಟ್ಟುಕೊಂಡು ನಡೆಯುವವರ ವಿಳಾಸ ಯಾವ ಮ್ಯಾಪಿನಲ್ಲಿ ಸಿಗುತ್ತದೆ? ಬಿಸಿಲು ನೆತ್ತಿಗೆ ಬಂದಿತ್ತು. ಗದ್ದೆಯ ಬದಿಯಲ್ಲಿ ಬಣ್ಣದ ಬಟ್ಟೆಯ ರಾಶಿಯೊಂದು ಬಿದ್ದ ಹಾಗೆ ಕಂಡಿತು. ಓಡಿಹೋಗಿ ಮುಟ್ಟಿದೆ. ಒಣಗಲು ಹಾಕಿದ ಗೋಣಿಗಳು. ಅಲ್ಲಿಯೇ ಕುಕ್ಕರಿಸಿದೆ. ಅಳು ಬಂತು, ಅಳಲು ಸಮಯವಿರಲಿಲ್ಲ.

ಎದ್ದು ಮತ್ತೆ ನಂಬರ್ ಒತ್ತಿದೆ. ಇಯರ್‌ಫೋನಿನೊಳಗೆ ರಿಂಗಾಗುತ್ತಿದ್ದಾಗಲೇ ಹೊರಗಿನಿಂದ, ಖಾಲಿ ಕಿವಿಗೆ, ಸಣ್ಣಗೆ ಒಂದು ಭಜನೆಯ ರಾಗ ಕೇಳಿಸಿತು. ಫೋನ್ ಕಟ್ ಮಾಡಿದೆ, ರಾಗ ನಿಂತಿತು. ಮತ್ತೆ ಒತ್ತಿದೆ, ಮತ್ತೆ ಶುರುವಾಯಿತು. ಇಯರ್‌ಫೋನ್ ಕಿತ್ತು, ಆ ರಾಗ ನಿಂತಲ್ಲೆಲ್ಲ ಮತ್ತೆ ಒತ್ತುತ್ತಾ, ತೋಟದೊಳಗಿನ ಒಂದು ದಾರಿ ಹಿಡಿದು ಒಂದು ಮನೆಯ ಹಿಂಬದಿಗೆ ಬಂದು ಮುಟ್ಟಿದೆ. ಬುಟ್ಟಿ ಅಂಗಳದಲ್ಲಿತ್ತು. ಜಗಲಿಯಲ್ಲಿ ಗೋಡೆಗೆ ಒರಗಿ ಯಾರೋ ಕೂತಿದ್ದರು, ತಲೆ ಒಂದು ಬದಿಗೆ ವಾಲಿತ್ತು. ಮುಖ ನೋಡಲು ಹೋದರೆ ಮುಖದ ಜಾಗದಲ್ಲಿ ಅದೇ ಬೂದು ಕಲೆ. ಮೀನಿನ ವಾಸನೆಯಿಂದ ಗುರುತು ಸಿಕ್ಕಿತು.

“ನಳಿನಕ್ಕ,” ಎಂದು ಎರಡೂ ಭುಜ ಹಿಡಿದು ಅಲ್ಲಾಡಿಸಿದೆ. “ನಳಿನಕ್ಕ, ಏಳಿ.”

ಅವರು ಬೆಚ್ಚಿ ಎದ್ದರು. “ಯಾರು? ಪ್ರಫುಲ್ಲಕ್ಕನಾ? ಎಂತಾಯ್ತು? ನನ್ನ ಮಗನಿಗೆ ಎಂತಾದ್ರೂ ಆಯ್ತಾ?”

“ಮಗನಿಗೆ ಎಂತದೂ ಆಗಲಿಲ್ಲ. ಮಾತ್ರೆ ತಿಂದ್ರಾ?”

“ತಿಂದೆ ಅಲ್ವಾ. ಊಟ ಆಯ್ತು, ತಿಂದೆ, ಸ್ವಲ್ಪ ಕಣ್ಣು ಹತ್ತಿತು.”

ನಾನು ಒಳಗಿನ ಕಡೆ ತಿರುಗಿ ಬೆಲ್ಲ ಉಂಟಾ, ಸಕ್ಕರೆ ಉಂಟಾ, ಬೇಗ ತನ್ನಿ ಎಂದು ಬೊಬ್ಬೆ ಹಾಕಿದೆ. ಮನೆಯ ಯಜಮಾನಿ ರೋಸಲಿನ್ ಬಾಯಿ ಎಂಬವರು ಗಾಬರಿಯಾಗಿ ತಂಬಿಗೆ ತುಂಬ ಬೆಲ್ಲದ ನೀರು ತಂದರು. ನಳಿನಕ್ಕನ ಗಲ್ಲ ಹಿಡಿದು ಮಗುವಿಗೆ ಕುಡಿಸುವ ಹಾಗೆ ಕುಡಿಸಿದೆ. ಅವರ ಕೈ ಮುಟ್ಟಿ ನೋಡಿದೆ. ಬೆವರು ಇರಲಿಲ್ಲ, ನಡುಕ ಇರಲಿಲ್ಲ. ಆಸ್ಪತ್ರೆಗೆ ಹೋಗುವ, ಈಗಲೇ ರಿಕ್ಷಾ ತರಿಸಿ ಎಂದು ನಾನು ಹೇಳುತ್ತಲೇ ಇದ್ದೆ. ಅರ್ಧ ಕುಡಿದ ಮೇಲೆ ನಳಿನಕ್ಕ ತಂಬಿಗೆಯನ್ನು ಮೆಲ್ಲನೆ ಬದಿಗೆ ಸರಿಸಿದರು.

“ಪ್ರಫುಲ್ಲಕ್ಕ, ನಾನು ತಿಂದದ್ದು ನೀವು ಕೊಟ್ಟ ಮಾತ್ರೆ ಅಲ್ಲ,” ಎಂದರು.

ನನಗೆ ಅರ್ಥವಾಗಲಿಲ್ಲ.

“ನೀವು ಕೊಟ್ಟದ್ದು ಝೀಟಾಬಾಯಿ ಹತ್ರ ಉಂಟು. ಆ ಬಸ್ಸು ಹೋದ್ರೆ ಹೋಗ್ಲಿ ಅಂತ ಅವರಿಗೆ ತೋರಿಸಿದೆ. ನನ್ನ ಹಳೇ ಸ್ಟ್ರಿಪ್ಪಿನ ಪಕ್ಕ ಇಟ್ಟು ನೋಡಿದ್ರು, ಇದು ಬೇರೆ ಅಂತ ಹೇಳಿದ್ರು. ಅವರದ್ದೂ ಅದೇ ಬಿ.ಪಿ. ಮಾತ್ರೆ ಅಲ್ವಾ, ಅದರಿಂದಲೇ ಐದು ಕೊಟ್ಟರು.”

“ಬೇರೆ ಅಂತ ಗೊತ್ತಾದ ಮೇಲೆ ನನ್ನ ಹತ್ರ ಯಾಕೆ ಬರಲಿಲ್ಲ?”

ರೋಸಲಿನ್ ಬಾಯಿ ತಂಬಿಗೆ ಎತ್ತಿಕೊಂಡು ಒಳಗೆ ಹೋದರು.

“ನಿಮಗೆ ಬೇಸರ ಆಗ್ತದಲ್ಲ ಅಕ್ಕ,” ಎಂದರು ನಳಿನಕ್ಕ.

“ಯಾವಾಗಿಂದ ಗೊತ್ತುಂಟು ನಿಮಗೆ?”

“ಪೇಟೆಯಲ್ಲಿ ಎಲ್ಲರಿಗೂ ಗೊತ್ತುಂಟು. ನೀವು ಚೀಟಿಯನ್ನು ಉಲ್ಟಾ ಹಿಡಿದು ಓದಿದ್ದನ್ನು ನಾನೇ ನೋಡಿದ್ದೇನೆ. ಕೊರೊನಾದ ಸಮಯದಲ್ಲಿ ಪೊಲೀಸರು ಹೊಡೆಯುವಾಗಲೂ ನೀವು ನಡೆದುಕೊಂಡು ಮನೆಮನೆಗೆ ಮದ್ದು ತಂದುಕೊಟ್ಟವರು. ನಿಮ್ಮ ಕೆಲಸ ಹೋಗುವ ಹಾಗೆ ನಾವು ಮಾಡ್ಲಿಕ್ಕುಂಟಾ? ಓದ್ಲಿಕ್ಕೆ ಬಾರದವರು ಝೀಟಾಬಾಯಿಗೆ ತೋರಿಸ್ತೇವೆ. ಬರುವವರು ಹೊರಗೆ ಹೋಗಿ ಓದ್ತಾರೆ. ಬೇರೆ ಬಂದಿದ್ರೆ ಸಂಜೆ ದೇವದಾಸಣ್ಣ ಕೂತಾಗ, ಉಳಿದದ್ದು ಅಂತ ವಾಪಸು ಕೊಟ್ಟುಬಿಡ್ತೇವೆ. ನಿಮ್ಮ ಹೆಸರು ಎಲ್ಲಿಯೂ ಬರುವುದಿಲ್ಲ.”

ಮೊದಲು ನನಗೆ ಆದದ್ದು ನಾಚಿಕೆ. ಎರಡು ವರ್ಷ ನಾನು ಅಂಗಡಿ ನಡೆಸಿದ್ದೆ ಎಂದುಕೊಂಡಿದ್ದೆ, ನಡೆಸಿದ್ದು ಇವರು. ಆಮೇಲೆ, ಎರಡನೆಯದಾಗಿ ಅರ್ಥವಾದದ್ದು ನಾಚಿಕೆಗಿಂತ ಕೆಟ್ಟದ್ದಾಗಿತ್ತು. ಗುಟ್ಟಾಗಿ ವಾಪಸು ಬಂದ ತುಂಡುಗಳನ್ನು ದೇವದಾಸಣ್ಣ ಕೈಗೆ ಸಿಕ್ಕಿದ ಡ್ರಾಯರಿಗೆ ಹಾಕುತ್ತಿದ್ದರು. ಮರುದಿನ ನಾನು ಡ್ರಾಯರನ್ನು ನಂಬಿ ಅದನ್ನೇ ಇನ್ನೊಬ್ಬರಿಗೆ ಕತ್ತರಿಸಿ ಕೊಡುತ್ತಿದ್ದೆ. ಒಂದು ತಪ್ಪನ್ನು ಮುಚ್ಚಲು ಹೋಗಿ ಪೇಟೆಯೆಲ್ಲ ಸೇರಿ ಇನ್ನೊಂದಕ್ಕೆ ದಾರಿ ಮಾಡುತ್ತಿತ್ತು. ನನ್ನ ಮರ್ಯಾದೆ ಉಳಿಸುವ ಈ ಏರ್ಪಾಡೇ ನನ್ನ ಡ್ರಾಯರುಗಳನ್ನು ಕೆಡಿಸಿತ್ತು.

“ತೋರಿಸದೆ ತಿಂದವರು ಯಾರೂ ಇಲ್ವಾ?” ಎಂದು ಕೇಳಿದೆ. ಕೇಳಬಾರದು ಎನಿಸಿತ್ತು, ಕೇಳದೆ ಇರಲು ಆಗಲಿಲ್ಲ.

“ಅದು ಬಿಡಿ ಈಗ.”

“ಹೇಳಿ ನಳಿನಕ್ಕ.”

“ನಮ್ಮ ಹೂವಪ್ಪಣ್ಣ. ಅವರಿಗೆ ಆಗ ಗೊತ್ತಿರಲಿಲ್ಲ. ಮನೆಯಲ್ಲಿ ಬಿದ್ದರು, ಆಸ್ಪತ್ರೆಗೆ ಸೇರಿಸಿದ್ರು. ಶುಗರ್ ಇಳಿದದ್ದು ಅಂತ ಡಾಕ್ಟರು ಹೇಳಿದ ಮೇಲೆ ಮಾತ್ರೆ ನೋಡಿದ್ದು. ಯಾರಿಗೂ ಹೇಳಬಾರದು ಅಂತ ಅವರೇ ಮನೆಯವರಿಂದ ಆಣೆ ಹಾಕಿಸಿದ್ರು.”

ಹೂವಪ್ಪಣ್ಣ ಆಸ್ಪತ್ರೆಯಲ್ಲಿದ್ದಾಗ ನಾನು ನೋಡಲು ಹೋಗಿದ್ದೆ. ಎಳನೀರು ತೆಗೆದುಕೊಂಡು, ಒಳ್ಳೆಯ ಸೀರೆ ಉಟ್ಟುಕೊಂಡು ಹೋಗಿದ್ದೆ. ಮಾತ್ರೆಯನ್ನು ಸರಿಯಾಗಿ ತಿನ್ನಬೇಕು ಹೂವಪ್ಪಣ್ಣ, ನಿಮ್ಮ ವಯಸ್ಸಿನವರು ಅಸಡ್ಡೆ ಮಾಡುತ್ತೀರಿ ಎಂದು ಮಂಚದ ಪಕ್ಕ ನಿಂತು ಬುದ್ಧಿ ಹೇಳಿದ್ದೆ. ಅವರು ನನ್ನ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದು, “ಆಯ್ತು ಅಕ್ಕ, ಆಯ್ತು,” ಎಂದಿದ್ದರು.

“ಒಬ್ಬರಾದರೂ ನನ್ನ ಮುಖಕ್ಕೆ ಹೇಳಬಾರದಿತ್ತಾ?” ಎಂದು ನಳಿನಕ್ಕನ ಮೇಲೆ ರೇಗಿದೆ. “ಒಬ್ಬರ ಜೀವ ಹೋಗುವವರೆಗೆ ಸುಮ್ಮನೆ ಇರುವುದಾ?”

“ಹೇಗೆ ಹೇಳುವುದು ಅಕ್ಕ?” ಎಂದರು ಅವರು, ಏನೂ ಕೋಪವಿಲ್ಲದೆ. “ನೀವೇ ಹೇಳಲಿಲ್ಲ ಅಲ್ವಾ.”

ಆಗಲೇ ನೆನಪಾಯಿತು, ಶುಗರಿನ ತುಂಡು. ದೇವದಾಸಣ್ಣನ ಹೆಜ್ಜೆ ಕೇಳಿ ನಾನು ಅದನ್ನು ತಳ್ಳಿದ್ದು ಎಲ್ಲಿಗೆ? ಬಿ.ಪಿ. ಡ್ರಾಯರಿಗೇ. ಈಗ ಅಲ್ಲಿ ಕೂತು ಮಾತ್ರೆ ಕೊಡುತ್ತಿರುವವರು ದೇವದಾಸಣ್ಣ. ಅವರು ಕೊಟ್ಟದ್ದನ್ನು ಯಾರೂ ಝೀಟಾಬಾಯಿಗೆ ತೋರಿಸುವುದಿಲ್ಲ, ಅವರಿಗೆ ಕಣ್ಣಿದೆ.

ಅಂಗಡಿಗೆ ಫೋನು ಮಾಡಿದೆ. ಚಾರ್ಜು ಇನ್ನೂ ಇತ್ತು.

“ತಲೆನೋವು ಹೇಗುಂಟು?” ಎಂದರು ದೇವದಾಸಣ್ಣ.

“ನಾನು ಹೋದ ಮೇಲೆ ಯಾರಿಗಾದ್ರೂ ಬಿ.ಪಿ. ಮಾತ್ರೆ ಕೊಟ್ಟಿದ್ದೀರಾ?”

“ಕೊಟ್ಟೆ. ಹೂವಪ್ಪಣ್ಣನ ಸೊಸೆ ಶ್ರೇಯಾ ಬಂದಿದ್ದಳು, ಮಾವನಿಗೆ ಐದು ಬೇಕು ಅಂತ. ಈಗಷ್ಟೆ ಇಳಿದು ಹೋದಳು.”

“ಓದಿ ಕೊಟ್ಟಿರಾ?”

ಅವರು ನಕ್ಕರು. “ಓದುವುದೆಂತಕ್ಕೆ? ನೀವು ಜೋಡಿಸಿಟ್ಟ ಡ್ರಾಯರ್ ಅಲ್ವಾ ಮಾರಾಯ್ರೆ. ಕೈ ಹಾಕಿದೆ, ತುಂಡು ಸಿಕ್ಕಿತು, ಕೊಟ್ಟೆ.”

“ದೇವದಾಸಣ್ಣ, ಓಡಿ. ಫೋನು ಇಡಬೇಡಿ, ಹಿಡಿದುಕೊಂಡೇ ಓಡಿ. ಅವಳು ಬಸ್ಸು ಹತ್ತುವ ಮೊದಲು ಹಿಡಿಯಿರಿ.”

ಯಾಕೆಂದು ಅವರು ಕೇಳಲಿಲ್ಲ. ಅಂಗಡಿಯ ಗ್ಲಾಸಿನ ಬಾಗಿಲು ಬಡಿದದ್ದು, ಮೆಟ್ಟಿಲು, ರಸ್ತೆ, ಲಾರಿಯ ಹಾರ್ನು, ಅವರ ಏದುಸಿರು, ಎಲ್ಲವೂ ನನ್ನ ಕಿವಿಯಲ್ಲಿ ನಡೆಯುತ್ತಿತ್ತು. ಅವರಿಗೂ ವಯಸ್ಸಾಗಿದೆ. ಹೈವೇಯ ಬದಿ, ವಾಹನ ನೋಡಿ ಹೋಗಿ ಎಂದು ಹೇಳಬೇಕೆನಿಸಿತು, ಹೇಳಿದರೆ ನಿಂತುಬಿಟ್ಟಾರು ಎಂದು ಬಾಯಿ ಕಚ್ಚಿ ಹಿಡಿದೆ. ನಳಿನಕ್ಕ ನನ್ನ ಪಕ್ಕಕ್ಕೆ ಬಂದು ಕೂತರು. “ಶ್ರೇಯಾ, ಶ್ರೇಯಾ, ನಿಲ್ಲು ಮಗಾ,” ಎಂದು ದೇವದಾಸಣ್ಣ ಕೂಗುವುದು ಕೇಳಿತು. ಬಸ್ಸೊಂದು ಗುರುಗುಟ್ಟುತ್ತಿತ್ತು. ಸ್ವಲ್ಪ ಹೊತ್ತು ಬರೀ ಗಲಾಟೆ.

“ಸಿಕ್ಕಿದಳು,” ಎಂದರು ಏದುತ್ತಾ.

“ಕವರ್ ಬಿಡಿಸಿ. ತುಂಡಿನ ಹಿಂಬದಿ ಓದಿ.”

“ಸಣ್ಣ ಅಕ್ಷರ. ಜಿ. ಎಲ್. ಐ. ಮತ್ತೆ ಕತ್ತರಿಸಿ ಹೋಗಿದೆ.”

“ಅದು ಶುಗರಿನದ್ದು. ಅವಳ ಕೈಯಿಂದ ವಾಪಸು ತಕೊಳ್ಳಿ.”

ದೇವದಾಸಣ್ಣ ಬಾಯಿಯನ್ನು ಫೋನಿಗೆ ಹತ್ತಿರ ತಂದು ಸಣ್ಣ ದನಿಯಲ್ಲಿ ಮಾತಾಡಿದರು. “ಇವಳ ಹತ್ರ ಎಂತ ಹೇಳಲಿ ಪ್ರಫುಲ್ಲಾ? ಹೆದರಿ ನಿಂತಿದ್ದಾಳೆ. ಸ್ಟಾಪಿನಲ್ಲಿ ಜನ ಉಂಟು, ಎಲ್ಲರೂ ನೋಡ್ತಾ ಇದ್ದಾರೆ. ನನ್ನಿಂದ ತಪ್ಪಾಯ್ತು ಅಂತ ಹೇಳ್ತೇನೆ, ಬಿಡಿ.”

“ಬೇಡ,” ಎಂದೆ. “ಫೋನು ಸ್ಪೀಕರಿಗೆ ಹಾಕಿ. ನಾನೇ ಹೇಳ್ತೇನೆ.”

ಹಾಕಿದರು. ಪೇಟೆಯ ಸದ್ದೆಲ್ಲ ಒಮ್ಮೆಲೇ ದೊಡ್ಡದಾಯಿತು.

“ಶ್ರೇಯಾ, ನಾನು ಮೆಡಿಕಲಿನ ಪ್ರಫುಲ್ಲಾ,” ಎಂದೆ. “ನನಗೆ ಕಣ್ಣು ಕಾಣುವುದಿಲ್ಲ. ನಿನ್ನ ಮಾವನಿಗೆ ಆ ದಿನ ತಪ್ಪು ಮಾತ್ರೆ ಕೊಟ್ಟವಳು ನಾನು.”